ಅರಗಿಲ್ಲದ ಬುಗುಡಿ

"ಇದನ್ನ ಬೆಂಕೀಲಿ ಇಟ್ಟಿದ್ದು ಯಾರು ತಾಯಿ?" ಎಂದರು ಪೆರುಮಾಳ್ ಆಚಾರಿ.

ಈ ಒಂದು ಪ್ರಶ್ನೆಗೆ ಅಮ್ಮಾಜಮ್ಮ ಉತ್ತರ ಸಿದ್ಧ ಮಾಡಿಕೊಂಡು ಬಂದಿರಲಿಲ್ಲ. ಯಾರದು ಎಂದರೆ ನಮ್ಮವ್ವನದು ಎನ್ನುವುದು, ಎಷ್ಟು ಹಳೆಯದು ಎಂದರೆ ನಾನು ಹುಟ್ಟೋಕೆ ಮುಂಚಿನದು ಎನ್ನುವುದು, ಮಾರುತ್ತೀಯಾ ಎಂದರೆ ಮನೆಯವರನ್ನು ಕೇಳಿ ಹೇಳುತ್ತೇನೆ ಎನ್ನುವುದು. ಚಾಂಪಿಯನ್ ಸ್ಟೇಷನ್ನಿನಿಂದ ಬಂಗಾರಪೇಟೆಯವರೆಗೆ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಇವನ್ನೆಲ್ಲ ಬಾಯಿಪಾಠ ಮಾಡಿದ್ದಳು. ಚಿನ್ನದ ಗಣಿಯ ಊರಿನಲ್ಲಿ ಆಚಾರಿಗಳಿಗೆ ಬರವಿರಲಿಲ್ಲ. ಆದರೆ ಅಲ್ಲಿ ಗಣಿ ಕೂಲಿಗಳ ಲೈನುಮನೆಯ ಹೆಂಗಸೊಬ್ಬಳು ಸೊಂಟದ ಗಂಟು ಬಿಚ್ಚಿ ರಸೀದಿಯಿಲ್ಲದ ಚಿನ್ನ ತೆಗೆದರೆ, ಆಚಾರಿ ಮೊದಲು ಒಡವೆಯ ಮುಖ ನೋಡುವುದಿಲ್ಲ, ಅವಳ ಮುಖ ನೋಡುತ್ತಾನೆ; ಗಂಡ ಯಾವ ಶಾಫ್ಟಿನಲ್ಲಿ ಕೆಲಸ ಎಂದು ಕೇಳುತ್ತಾನೆ. ಇಲ್ಲಿ ಆ ಭಯವಿಲ್ಲ ಎಂದುಕೊಂಡು ಬಂದರೆ ಈ ಮುದುಕರು ಕನ್ನಡಕದ ದಾರವನ್ನು ಕಿವಿಗೆ ಇನ್ನೊಂದು ಸುತ್ತು ಸುತ್ತಿ, ಬುಗುಡಿಯನ್ನು ಚಿಮಟದಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ, ಬೆಂಕಿಯ ಮಾತು ಎತ್ತಿದ್ದರು. ಅವಳ ಕಣ್ಣು ತಾನಾಗಿ ಅವರ ಪಕ್ಕದ ಬೆಂಕಿ ಕುಂಡದ ಕಡೆ ಹೋಯಿತು. ಅದರಲ್ಲಿ ಬೆಂಕಿ ಇರಲಿಲ್ಲ. ತಣ್ಣಗಿನ ಬೂದಿಯ ಮೇಲೆ ಒಂದು ಬೆಕ್ಕು ಸುರುಳಿ ಸುತ್ತಿ ಮಲಗಿತ್ತು.

"ಅದನ್ನ ಎಬ್ಬಿಸಬೇಡ," ಎಂದರು ಆಚಾರಿ. "ಈ ವರ್ಷ ಕಾನೂನು ಬಂತಲ್ಲ, ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲೆ ಕೈ ಹಾಕಬಾರದು ಅಂತ. ಹದಿನಾಲ್ಕು ಕ್ಯಾರೆಟ್ ಯಾರಿಗೆ ಬೇಕು? ಅವತ್ತಿಂದ ಕುಂಡ ಈ ಬೆಕ್ಕಿಂದು. ನನಗೆ ಉಳಿದಿರೋದು ನೋಡೋದು, ಹೇಳೋದು. ಅದಕ್ಕಿನ್ನೂ ಕಾನೂನು ಬಂದಿಲ್ಲ."

ಅಮ್ಮಾಜಮ್ಮ ನಗಬೇಕೆಂದುಕೊಂಡಳು. ಕಣ್ಣು ಆ ತಣ್ಣಗಿನ ಬೂದಿಯ ಮೇಲೇ ಇತ್ತು. ಅವಳು ಸೊಸೆಯಾಗಿ ಬಂದ ಮನೆಯಲ್ಲಿ ಬೂದಿ ತಣ್ಣಗಾದ ಒಂದು ದಿನವಿಲ್ಲ. ರಾತ್ರಿ ಅಡಿಗೆ ಮುಗಿದ ಮೇಲೆ ಅತ್ತೆ ಚಿಕ್ಕವೆಂಕಟಮ್ಮ ತಾನೇ ಕೂತು ಕೆಂಡಗಳನ್ನು ಒಂದೊಂದಾಗಿ ಗೂಡಿಸಿ, ಮೇಲೆ ಬೂದಿ ಹೊದಿಸಿ, ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ತಟ್ಟಿ ಏಳುತ್ತಿದ್ದಳು. ಬೆಳಿಗ್ಗೆ ಆ ಬೂದಿ ಸರಿಸಿ ಊದುಕೊಳವೆಯಲ್ಲಿ ಊದಿದರೆ ಒಳಗೆ ಕೆಂಪು ಕಣ್ಣು ತೆರೆಯಬೇಕು. ಒಂದು ಸಲ ಮಳೆಗೆ ತಗಡು ಸೋರಿ ಕೆಂಡವೆಲ್ಲ ಕರಿಯಾದಾಗ, ಅತ್ತೆ ಬೆಂಕಿಪೊಟ್ಟಣ ಮುಟ್ಟಲಿಲ್ಲ. ನೆನೆದುಕೊಂಡೇ ಪಕ್ಕದ ಮನೆಗೆ ಓಡಿ ಮಡಿಕೆಚೂರಿನಲ್ಲಿ ಕೆಂಡ ತಂದು, ಆರಿಲ್ಲ, ಆರಿಲ್ಲ, ಜಾಗ ಬದಲಾಯ್ಸಿತ್ತು ಅಷ್ಟೆಯಾ ಎಂದು ಒಲೆಗೆ ಸಮಾಧಾನ ಹೇಳಿದ್ದಳು. ಅದಕ್ಕೆ ಕಾರಣವೂ ಅಮ್ಮಾಜಮ್ಮನಿಗೆ ಬಂದ ಮೊದಲ ತಿಂಗಳಲ್ಲೇ ತಿಳಿದಿತ್ತು. ಸಂಜೆ ರಾಗಿ ಬೀಸುವಾಗಲೋ ಹೇನು ನೋಡುವಾಗಲೋ ಅತ್ತೆ ಅದನ್ನು ಹೇಳುವುದು. ಹೇಳಿ ಹೇಳಿ ಮಾತುಗಳು ಬೀಸುವ ಕಲ್ಲಿನ ಹಾಗೆ ಒಂದೇ ದಾರಿಯಲ್ಲಿ ಸುತ್ತುತ್ತಿದ್ದವು. "ಅವ್ಳು ಸಾಯೋ ದಿನ ನನ್ ಕೈ ಇಡ್ಕೊಂಡು ಏನಂದ್ಲು ಗೊತ್ತೇನಮ್ಮಿ? ಅತ್ತಮ್ಮಾ, ಒಲೆ ಅಚ್ಚಬ್ಯಾಡಿ. ತಿರುಗಾ ಅದೇ. ಒಲೆ ಅಚ್ಚಬ್ಯಾಡಿ ಅತ್ತಮ್ಮಾ. ಉಂಡ ಮನೆ ಒಲೆ ಉರೀಬಾರ್ದು ಅಂತ ಶಾಪ ಆಕ್ಬುಟ್ಟು ಕಣ್ಮುಚ್ಚಿದ್ಲು. ಕಿವೀಲಿದ್ದ ನನ್ ಬುಗುಡಿನ ತಮ್ಮಂಗೆ ದಾಟಿಸಿದ್ದೂ ಅಲ್ದೆ!"

ಅವಳೆಂದರೆ ಗಂಗರತ್ನಮ್ಮ. ಗಂಡ ಮುನಿನಾರಾಯಣಪ್ಪನ ಮೊದಲ ಹೆಂಡತಿ. ಜ್ವರದಲ್ಲಿ ಸತ್ತಾಗ ಕಿವಿ ಬರಿದಾಗಿತ್ತು. ಅತ್ತೆ ತನ್ನ ಮದುವೆಯಲ್ಲಿ ತವರಿನವರು ಇಟ್ಟ ಬುಗುಡಿಗಳನ್ನು ತನ್ನ ಕಿವಿಯಿಂದ ಬಿಚ್ಚಿ, ಬಾರಮ್ಮಾ ಎಂದು ಸೊಸೆಯ ಕಿವಿಗೆ ತಾನೇ ಏರಿಸಿದ್ದಳಂತೆ. ಆ ಬುಗುಡಿ ಎಲ್ಲಿ ಎಂದು ಮನೆಯೆಲ್ಲ ಹುಡುಕಿ ಸಿಕ್ಕದೆ, ಅದೇ ವಾರ ಅಕ್ಕನನ್ನು ನೋಡಲು ಬಂದುಹೋಗಿದ್ದ ತಮ್ಮ ಕದಿರಪ್ಪನ ಮೇಲೆ ಎಲ್ಲರ ಕಣ್ಣು ಬಿತ್ತು. ಅವನು ಅದೇ ವರ್ಷ ಬಂಗಾರಪೇಟೆ ಸ್ಟೇಷನ್ ಎದುರು ಎಲೆಯಡಿಕೆ ಅಂಗಡಿ ಇಟ್ಟ ಮೇಲಂತೂ ಯಾರಿಗೂ ಅನುಮಾನವೇ ಉಳಿಯಲಿಲ್ಲ. ಮುನಿನಾರಾಯಣಪ್ಪ ಹೋಗಿ ಅವನ ಪೆಟ್ಟಿಗೆ ತೆಗೆಸಿ, ಬಟ್ಟೆಯೆಲ್ಲ ಬೀದಿಗೆ ಸುರಿದು ನೋಡಿ ಬಂದಿದ್ದ. ಅಂದಿನಿಂದ ಎರಡು ಮನೆಗೂ ಹೋಗಿಬರುವುದು ನಿಂತಿತು. ಇದೆಲ್ಲ ಅಮ್ಮಾಜಮ್ಮ ಬರುವುದಕ್ಕೆ ಮುಂಚೆ. ಅವಳಿಗೆ ದಕ್ಕಿದ್ದು ಆ ಕತೆಯ ಕೊನೆಯ ಮಾತು ಮಾತ್ರ. ಅತ್ತೆ ಕತೆ ಮುಗಿಸಿ, ಅವಳ ತಲೆ ಸವರಿ, "ನೀನು ಅವ್ಳಂಗಲ್ಲ ಕಣಮ್ಮಿ," ಎನ್ನುತ್ತಿದ್ದಳು. ಆ ಮಾತು ಕೇಳಲೆಂದೇ ಅಮ್ಮಾಜಮ್ಮ ಎಷ್ಟೋ ಸಂಜೆ ತಾನಾಗಿ ಕತೆಗೆ ಎಳೆ ಹಾಕಿದ್ದಿತ್ತು: ಅವರು ಸಾರಿಗೆ ಏನು ಹಾಕ್ತಿದ್ರು ಅತ್ತಮ್ಮಾ, ಅವರು ಕೋಳಿ ಸಾಕ್ತಿದ್ರಾ ಎಂದು ಎಲ್ಲಿಂದಲೋ ಶುರುಮಾಡಿದರೂ ಸಾಕು, ಅತ್ತೆ ಸುತ್ತಿಕೊಂಡು ಅಲ್ಲಿಗೇ ಬರುತ್ತಿದ್ದಳು. ಆ ಮನೆಯಲ್ಲಿ ಅವಳ ಕಿವಿಗೆ ಬಿದ್ದ ಒಡವೆ ಎಂದರೆ ಅದೇ.

"ಕೇಳಿಸ್ತಾ ತಾಯಿ? ಬೆಂಕಿ ವಿಷಯ ಕೇಳಿದೆ."

"ನಮ್ಮವ್ವಂದು," ಎಂದಳು ಅಮ್ಮಾಜಮ್ಮ.

"ಸರಿ, ನಿಮ್ಮವ್ವಂದು." ಅವರು ಒರೆಗಲ್ಲನ್ನು ಪಂಚೆಗೆ ಒರೆಸಿ, ಬುಗುಡಿಯ ಅಂಚನ್ನು ಒಂದು ಎಳೆ ಎಳೆದು, ಪಕ್ಕದಲ್ಲಿ ತಮ್ಮ ಕಡ್ಡಿಯಿಂದ ಇನ್ನೊಂದು ಎಳೆ ಎಳೆದರು. ಎರಡು ಹಳದಿ ಗೆರೆ. ಅವಳ ಕಣ್ಣಿಗೆ ಎರಡೂ ಒಂದೇ. "ಚಿನ್ನ. ಅನುಮಾನ ಬೇಡ. ಸ್ವಲ್ಪ ಕೆಂಪು ಹೊಡೆಯುತ್ತೆ ನೋಡು, ತಾಮ್ರ. ಹಳೇ ಕಾಲದವರು ಗಟ್ಟಿಯಾಗಲಿ ಅಂತ ಹಾಗೆ ಬೆರೆಸ್ತಿದ್ರು. ಕೆಲಸ ಈ ಕಡೆಯದಲ್ಲ, ಮುಳಬಾಗಿಲ ಆಚೆ, ತೆಲುಗರ ಸೀಮೆ ಕೈ. ಮುತ್ತು ಎರಡು ಬಿದ್ದುಹೋಗಿದೆ, ಉಳಿದದ್ದು ಬೆಂದು ಸುಣ್ಣ ಆಗಿದೆ, ಅದಕ್ಕೆ ಬೆಲೆ ಇಲ್ಲ. ಬರೀ ಚಿನ್ನಕ್ಕೆ ಅಂದರೂ ಕರೆಯೋ ಎಮ್ಮೆ ಒಂದು ಬರುತ್ತೆ. ಕರು ಬರಲ್ಲ." ತಮ್ಮ ಮಾತಿಗೆ ತಾವೇ ನಕ್ಕು, ಎರಡೂ ಬುಗುಡಿಗಳನ್ನು ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು. "ಇದು ಎಡಗಿವಿದು, ಇದು ಬಲಗಿವಿದು. ಬಲಗಡೇದು ನೋಡು, ಹೂವಿನ ಎಸಳು ನುಣ್ಣಗೆ ಸವೆದುಹೋಗಿದೆ. ತಲೆದಿಂಬಿಗೆ ಉಜ್ಜಿ ಉಜ್ಜಿ. ನಿಮ್ಮವ್ವ ಬಲಮಗ್ಗುಲಿಗೇ ಮಲಗ್ತಿದ್ದರಲ್ಲ?"

ಅವ್ವ ಹೇಗೆ ಮಲಗುತ್ತಿದ್ದಳು? ಅಮ್ಮಾಜಮ್ಮ ನೆನೆಸಿಕೊಳ್ಳಲು ನೋಡಿದಳು. ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ, ಕೂಲಿಯಿಂದ ಬಂದು ಗೋಡೆಗೆ ಒರಗಿದ ಕಡೆಯೇ ನಿದ್ದೆ ಹೋಗುತ್ತಿದ್ದ ಅವ್ವನಿಗೆ ಮಗ್ಗುಲೇ ಇರಲಿಲ್ಲ. ಬಲಕ್ಕೆ ತಿರುಗಿ, ಕೈಯನ್ನು ಕೆನ್ನೆಗೆ ಕೊಟ್ಟು, ಮೊಣಕಾಲು ಮಡಚಿ ದಿನಾ ಮಲಗುವವಳು ಅತ್ತೆ. ಅವಳ ಕಿವಿಯ ಮೇಲಂಚಿನಲ್ಲಿ ಇಂದಿಗೂ ಜೋಲುವ ಆ ಬರಿ ತೂತು, ಅದೇ ಪಕ್ಕಕ್ಕೆ. ಆಚಾರಿ ಅಮ್ಮಾಜಮ್ಮನ ಮುಖ ನೋಡಿ, ಇನ್ನೊಂದು ಸಲ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ. ಸುಳ್ಳು ಹಿಡಿದವರು ಬೈದರೆ ಹಗುರ. ಹಿಡಿದೂ ಸುಮ್ಮನಿದ್ದರೆ ಅದನ್ನು ಎಲ್ಲಿಡುವುದು? "ನಿನಗೂ ತೂತು ಇದೆಯಲ್ಲ," ಎಂದರು ಅವರು ಅವಳ ಕಿವಿ ನೋಡುತ್ತ. "ಹಾಕಿ ನೋಡು ಬೇಕಾದರೆ." ಅವಳ ಕೈ ಕಿವಿಗೆ ಹೋಯಿತು. ಅಜ್ಜಿ ಹಟ ಹಿಡಿದು ಚುಚ್ಚಿಸಿದ ತೂತುಗಳು. ಚಿನ್ನ ಬರುವವರೆಗೆ ಮುಚ್ಚದಿರಲಿ ಎಂದು ಹಾಕಿದ ಪೊರಕೆಕಡ್ಡಿಯ ಚೂರು ಇಂದಿಗೂ ಅಲ್ಲೇ ಇತ್ತು. ಅದು ಕಾಣಿಸಿತಲ್ಲ ಎಂದು ಸೆರಗು ಎಳೆದು ತಲೆಗೆ ಹೊದ್ದಳು.

"ಬ್ಯಾಡ ಸ್ವಾಮಿ. ಬೆಂಕಿ ಅಂದ್ರಲ್ಲ, ಎಂಗೆ ಗೊತ್ತಾಯ್ತು?"

ಅವರು ಬುಗುಡಿಯನ್ನು ಅವಳ ಕಿವಿಯ ಹತ್ತಿರ ತಂದು ಉಗುರಿನಿಂದ ಮೀಟಿದರು. ತಂತಿಯ ಹಾಗೆ ಸಣ್ಣಗೆ ಸದ್ದು ಬಂತು. "ಟೊಳ್ಳು. ಬುಗುಡಿ ಒಳಗೆ ಅರಗು ತುಂಬಿರ್ತೀವಿ ತಾಯಿ. ತಗಡು ತೆಳ್ಳಗಲ್ಲವಾ, ಅರಗಿದ್ದರೇ ನಿಲ್ಲೋದು. ಇದರೊಳಗಿಂದು ಕರಗಿ ಸೋರಿಹೋಗಿದೆ. ಇಗೋ ಈ ಸಂದೀಲಿ ಕರ್ರಗೆ ಕೂತಿದೆಯಲ್ಲ, ಅದೇ. ಒಂದು ಸಲ ಸುಟ್ಟದ್ದಲ್ಲ ಇದು. ವರ್ಷಗಟ್ಟಲೆ ದಿನಾ ಬಿಸಿ ತಿಂದಿದೆ. ಒಲೆ ಪಕ್ಕ ಇತ್ತಾ?"

ಅಮ್ಮಾಜಮ್ಮ ತಲೆಯಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಆದರೆ ಕೈಗಳಿಗೆ ನೆನಪಿತ್ತು. ಮೊನ್ನೆ ಹಳೆಯ ಒಲೆ ಒಡೆಯುವಾಗ ಅತ್ತೆ ಕೆಂಡಗಳನ್ನೆಲ್ಲ ಕಬ್ಬಿಣದ ಬಾಣಲೆಗೆ ಬಳಿದುಕೊಂಡು, ಹೊಸದು ಒಣಗುವ ತನಕ ಇದರಲ್ಲೇ ಇರಲಿ ಎಂದು ಹೊರಗೆ ಒಯ್ದಿದ್ದಳು. ಅಮ್ಮಾಜಮ್ಮ ಒಬ್ಬಳೇ ಸಲಾಕೆಯಲ್ಲಿ ಮೀಟುತ್ತಿದ್ದಳು. ದೊಡ್ಡ ಒಲೆ ಸುಲಭವಾಗಿ ಬಿತ್ತು. ಅದಕ್ಕೆ ಅಂಟಿದ ಸಣ್ಣ ಕೊಡಿಒಲೆಯ ಹಿಂಬದಿಯಲ್ಲಿ ಮಾತ್ರ ಒಂದು ಕಡೆ ಮಣ್ಣು ಬೇರೆ ಬಣ್ಣ, ಅವಸರದಲ್ಲಿ ಮೆತ್ತಿದ ಹಾಗೆ ಬೆರಳಿನ ಗುರುತು ಒಣಗಿ ನಿಂತಿತ್ತು. ಅವಳ ಬೆರಳಿಗಿಂತ ಸಣ್ಣ ಬೆರಳು. ಅದರೊಳಗೆ ಸುಟ್ಟು ಪುಡಿಯಾದ ಬಟ್ಟೆ, ಬಟ್ಟೆಯೊಳಗೆ ಇವು. ಗಂಗರತ್ನಮ್ಮ ಅತ್ತೆಯ ಕಣ್ಣುತಪ್ಪಿಸಿ ಅಡಗಿಸಿಟ್ಟಿದ್ದಾಳೆ, ತಮ್ಮನಿಗೆ ಕೊಡುವಷ್ಟರಲ್ಲಿ ಸತ್ತಿದ್ದಾಳೆ: ಆ ಗಳಿಗೆಯಲ್ಲಿ ಅವಳಿಗೆ ತೋಚಿದ್ದು ಅಷ್ಟೆ, ಮತ್ತು ಅಷ್ಟೇ ಇರಲಿ ಎಂದು ಎರಡು ದಿನ ಬಯಸಿದ್ದಳು. ಹಾಗಿದ್ದರೆ ಅವಳು ಕಳ್ಳಿಯಾಗಿಯೇ ಉಳಿಯುತ್ತಾಳೆ, ತಾನು ಅವಳಂಗಲ್ಲದವಳಾಗಿ. ಆದರೂ ಅತ್ತೆಗೆ ಯಾಕೆ ಕೂಗಿ ಹೇಳಲಿಲ್ಲ? ಅದನ್ನು ತನ್ನನ್ನು ತಾನು ಕೇಳಿಕೊಂಡಾಗೆಲ್ಲ, ಮೊದಲು ಚಿನ್ನವೋ ಪಿತ್ತಳೆಯೋ ತಿಳಿಯಲಿ, ಹೊಸ ಒಲೆಗೆ ಮಡಿಕೆ ತರುವ ನೆಪದಲ್ಲಿ ಬಂಗಾರಪೇಟೆಗೆ ಹೋಗಿ ತೋರಿಸಿಬರೋಣ ಎಂದು ಮನಸ್ಸು ಬೇರೆ ದಾರಿ ಹಿಡಿಯುತ್ತಿತ್ತು.

"ಬಚ್ಚಿಟ್ಟವರಿಗೆ ಬುದ್ಧಿ ಇರಲಿಲ್ವಾ ಸ್ವಾಮಿ, ಒಲೇಲಿ ಇಡೋಕೆ?"

"ಬುದ್ಧಿಯಿಲ್ಲದೆ ಏನು. ಭಯ," ಎಂದರು ಆಚಾರಿ. "ನೀನು ಗಣಿ ಕಡೆಯವಳು ಅಲ್ಲವಾ? ಹೇಳಬೇಡ, ಕಾಲಿಗೆ ಹತ್ತಿರೋ ಬೂದು ಮಣ್ಣು ನೋಡಿದರೆ ಗೊತ್ತಾಗುತ್ತೆ. ಹಿಂದೆ ಲೈನುಗಳಲ್ಲಿ ತಪಾಸಣೆ ಬರ್ತಾ ಇತ್ತಲ್ಲ, ಕದ್ದ ಚಿನ್ನ ಹುಡುಕೋಕೆ. ಮಡಿಕೆ ಎಲ್ಲ ಮಗುಚಿ ನೋಡೋರು. ಆಗ ಹೆಂಗಸರು ತಮ್ಮ ಮದುವೆ ಒಡವೇನೇ ಬಚ್ಚಿಡೋರು. ಇದು ನಮ್ಮಪ್ಪ ಕೊಟ್ಟಿದ್ದು ಅಂದರೆ ನಂಬೋದು ಯಾರು, ಅದರ ಮೇಲೆ ಹೆಸರು ಬರೆದಿದೆಯಾ? ರಾಗಿ ಒಳಗೆ, ಕೋಳಿಗೂಡಿನ ಒಳಗೆ, ಒಲೆ ಒಳಗೆ. ಒಬ್ಬಳು ತಂದು ತೋರಿಸಿದಳು, ಎಮ್ಮೆ ಕೊಂಬಿಗೆ ಕಟ್ಟಿ ಮೇಲೆ ಸಗಣಿ ಮೆತ್ತಿದ್ದಳಂತೆ, ಎಮ್ಮೆ ಕೆರೆಗೆ ಹೋಗಿ ಮುಳುಗಿತು." ನಗು ಇಳಿದ ಮೇಲೆ ಅವರು ಬುಗುಡಿಯನ್ನು ಬಟ್ಟೆಯ ಮೇಲಿಟ್ಟರು. "ಇದನ್ನ ಇಟ್ಟವಳೂ ಹಾಗೇ. ಒಂದು ದಿನದ ಮಾತಿಗೆ ಇಟ್ಟಿದ್ದಾಳೆ. ವರ್ಷಗಟ್ಟಲೆ ಬಚ್ಚಿಡೋಳು, ಕದ್ದು ಸಾಗಿಸೋಳು ಅರಗಿನ ಒಡವೇನ ಒಲೇಲಿ ಇಡಲ್ಲ. ಬುಗುಡಿ ಹಾಕಿಕೊಂಡ ಯಾವ ಹೆಂಗಸಿಗೂ ಗೊತ್ತು ಅದು, ಒಲೆ ಊದುವಾಗ ಕಿವಿ ಹಿಂದಕ್ಕೆ ಇಟ್ಟುಕೊಳ್ತಾರೆ. ತಪಾಸಣೆ ಹೋಗಲಿ, ಬೆಂಕಿ ಹಚ್ಚೋ ಮುಂಚೆ ತೆಗೆದುಬಿಡೋಣ ಅಂದುಕೊಂಡಿರ್ತಾಳೆ ಪಾಪ. ಯಾಕೋ ಆಗಲಿಲ್ಲ."

ಬೆಂಕಿ ಹಚ್ಚುವ ಮುಂಚೆ. ಬೆಕ್ಕು ಬೂದಿಯಿಂದ ಎದ್ದು ಬೆನ್ನು ಬಿಲ್ಲಾಗಿಸಿ ಮತ್ತೆ ಮಲಗಿತು. ಅಮ್ಮಾಜಮ್ಮನ ಕಿವಿಯಲ್ಲಿ, ಎಷ್ಟೋ ಸಂಜೆ ಅತ್ತೆಯ ಗಂಟಲಿನಿಂದ ಕೇಳಿದ್ದ ಆ ಮಾತು ಮೊದಲ ಸಲ ಬೇರೆ ಗಂಟಲಿನಿಂದ ಕೇಳಿಸಿತು. ಜ್ವರದಲ್ಲಿ ನಾಲಿಗೆ ಒಣಗಿದ, ಏಳಲಾರದ, ಅವಳಿಗಿಂತ ಸಣ್ಣ ಬೆರಳಿನ ಹೆಂಗಸೊಬ್ಬಳ ಗಂಟಲು. ಅತ್ತಮ್ಮಾ, ಒಲೆ ಹಚ್ಚಬೇಡಿ. ಅದರ ಮುಂದಿನ ಮಾತು ಬರಲಿಲ್ಲ, ಅಷ್ಟೆ. ಶಾಪವಲ್ಲ, ಅತ್ತೆಯ ಒಡವೆ ಕರಗಿಹೋಗುತ್ತದಲ್ಲ ಎಂಬ ಸಂಕಟ. ಅದನ್ನು ಶಾಪವೆಂದು ಹೆದರಿ ಅತ್ತೆ ಅಂದಿನಿಂದ ಇಂದಿನವರೆಗೆ ಒಂದು ಗಳಿಗೆಯೂ ಬೆಂಕಿ ಆರಿಸಿರಲಿಲ್ಲ.

"ಮಾರೋದಾದರೆ ಇವತ್ತೇ ಗಿರಾಕಿ ತೋರಿಸ್ತೀನಿ. ಇಲ್ಲ, ಇಟ್ಟುಕೋತೀಯಾ?"

"ನಂದಲ್ಲ ಸ್ವಾಮಿ ಅದು," ಎಂದಳು. ಬಾಯಿಯಿಂದ ಬಂದ ಮೇಲೆ ಗೊತ್ತಾಯಿತು.

"ಹೂಂ," ಎಂದರು ಆಚಾರಿ, ಚೂರೂ ಆಶ್ಚರ್ಯವಿಲ್ಲದೆ, ಬಟ್ಟೆ ಮಡಿಸುತ್ತ. ನೋಡಿದ್ದಕ್ಕೆ ಏನು ಕೊಡಲಿ ಎಂದರೆ, ಬೆಕ್ಕಿಗೆ ಇನ್ನೊಂದು ಸಲ ಹಾಲು ತಾ ಎಂದು ಕೈಯಾಡಿಸಿದರು.

ಮಡಿಕೆ ಕೊಂಡಾಯಿತು. ಬೆರಳಿನಿಂದ ಬಡಿದು ನೋಡಿ ಆರಿಸುವಾಗ, ಒಳ್ಳೆಯ ಮಡಿಕೆಯ ಸದ್ದು, ಟೊಳ್ಳು ಬುಗುಡಿಯ ಸದ್ದು, ಎರಡೂ ಕಿವಿಯಲ್ಲಿ ಕಲಸಿಕೊಂಡು ಮಡಿಕೆಯವಳು ನಗುವಷ್ಟು ಹೊತ್ತು ನಿಂತಳು. ಎಲೆಯಡಿಕೆಯನ್ನು ಎಲ್ಲಿ ಬೇಕಾದರೂ ಕೊಳ್ಳಬಹುದಿತ್ತು. ಹೊಸ ಒಲೆಗೆ ಸಂಜೆ ಬೆಂಕಿ ಇಡುವ ಮುಂಚೆ ಎರಡು ಎಲೆ, ಒಂದು ಅಡಿಕೆ ಇಡಬೇಕು, ಅಷ್ಟಕ್ಕೆ ಸ್ಟೇಷನ್ ಎದುರಿಗೇ ಬರಬೇಕೆಂದೇನೂ ಇರಲಿಲ್ಲ. ಆದರೆ ಕಾಲುಗಳು ಅಲ್ಲೇ ನಿಂತವು. ಕದಿರಪ್ಪನನ್ನು ಅವಳು ಒಂದೆರಡು ಸಲ ದೂರದಿಂದ ನೋಡಿದ್ದಳು. ಗಂಡನ ಜೊತೆ ಬಂದಾಗ ಗಂಡ ರಸ್ತೆಯ ಆ ಪಕ್ಕಕ್ಕೆ ದಾಟುತ್ತಿದ್ದ, ಅವಳೂ ದಾಟುತ್ತಿದ್ದಳು, ಕಳ್ಳನ ಅಂಗಡಿಯ ನೆರಳು ತಾಗದ ಹಾಗೆ. ಹತ್ತಿರದಿಂದ ಅವನು ಬಡಕಲು ಮನುಷ್ಯ. ಎಲೆಗೆ ನೀರು ಚಿಮುಕಿಸುತ್ತಿದ್ದವನು ತಲೆ ಎತ್ತಿ ಅವಳನ್ನೂ ಮಡಿಕೆಯನ್ನೂ ನೋಡಿದ.

"ಚಾಂಪಿಯನ್ನಿಂದ ಬಂದ್ರಾ? ನೀವು ಭಾವನ ಮನೆಯೋರಲ್ವಾ?"

ಭಾವ ಎಂದ. ಬೀದಿಯಲ್ಲಿ ತನ್ನ ಬಟ್ಟೆ ಸುರಿದವನನ್ನು ಇವನು ಇನ್ನೂ ಭಾವ ಎನ್ನುತ್ತಿದ್ದ. "ಊಂ," ಎಂದಳು.

"ಒಸ ಮಡಿಕೆ. ಒಸ ಒಲೆ ಆಕಿದ್ರಾ?"

"ಅಳೇದು ಬಿರುಕು ಬಿಟ್ಟಿತ್ತು. ಒಡೆದ್ವಿ."

"ನಮ್ಮಕ್ಕ ಆಕಿದ್ ಒಲೆ ಅದು," ಎಂದ ಕದಿರಪ್ಪ. ಎಲೆ ಎಣಿಸುತ್ತಿದ್ದ ಕೈ ಹಾಗೇ ನಡೆಯುತ್ತಿತ್ತು. "ಕೆಮ್ಮಣ್ಣು ನಾನೇ ಒತ್ಕೊಂಡೋಗಿ ಕೊಟ್ಟಿದ್ದೆ ಉರಿಗಾಂ ಕಡೆಯಿಂದ. ಒಂದು ಕಲ್ಲು ಸೊಟ್ಟ ಆಯ್ತು ಕಣೋ ಅಂತ ಬೈದ್ಲು. ಬಿರುಕು ಬಿಡ್ತಾ? ಬಿಡ್ಲಿ, ಎಷ್ಟು ದಿನ ಅಂತ ಉರೀತದೆ." ಎಲೆಯ ಕಟ್ಟಿನ ಮೇಲೆ ಇನ್ನೊಂದು ಹಿಡಿ ಇಟ್ಟು ಬಾಳೆಪಟ್ಟೆಯಲ್ಲಿ ಸುತ್ತಿದ. "ಇದು ಜಾಸ್ತಿದು ನಂದು. ಒಲೆಗಿಡಿ. ನಿಮ್ಮತ್ತೆಗೆ ಮಾತ್ರ ನಾನ್ ಕೊಟ್ಟೆ ಅನ್ಬ್ಯಾಡಿ, ಎಸೆದ್ಬುಡ್ತಾರೆ, ಎಲೆ ದಂಡ."

ಸೊಂಟದ ಗಂಟು ಅವಳ ಹೊಟ್ಟೆಗೆ ಒತ್ತುತ್ತಿತ್ತು. ಅವನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಬಿಚ್ಚಿ ತೋರಿಸಬೇಕೆಂದೂ ಇರಲಿಲ್ಲ; ಸಿಕ್ತು ಅಣ್ಣಾ ಎಂದಿದ್ದರೆ ಸಾಕಿತ್ತು. ಅವಳು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಮಾರಿಕುಪ್ಪಂ ಗಾಡಿ ಕೂಗಿತು, "ಓಡಿ ಓಡಿ, ಮಡಿಕೆ ಜೋಪಾನ," ಎಂದು ಅವನೇ ಅವಸರ ಮಾಡಿದ, ಅವಳು ಓಡಿದಳು. ಗಾಡಿ ಹೊರಡಲು ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಹತ್ತಿ ಕೂತ ಮೇಲೆ ತಿಳಿದರೂ ಇಳಿದು ಹೋಗಲಿಲ್ಲ. ಕಿಟಕಿಯಿಂದ ಅವನ ಅಂಗಡಿಯ ಹಸಿರು ಒಂದು ಚೂರು ಕಾಣುತ್ತಿತ್ತು. ಅದನ್ನೇ ನೋಡುತ್ತ, ಕಾಲುಗಳ ನಡುವೆ ಮಡಿಕೆ ಹಿಡಿದು ಕೂತಳು.

ಗಾಡಿ ಅಲುಗಾಡುವಾಗ ಮಡಿಕೆ ಒಡೆಯದ ಹಾಗೆ ಹಿಡಿಯುವುದೇ ಒಂದು ಕೆಲಸವಾಗಿ ಮನಸ್ಸು ಸ್ವಲ್ಪ ತಣ್ಣಗಾಯಿತು. ಎದುರಿಗೆ ಕೂತ ಮುದುಕಿ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಅವಳಿಗೂ ಒಂದು ಹಿಡಿ ಕೊಟ್ಟು, ಮಡಿಕೆ ಎಲ್ಲಿ ಕೊಂಡೆ, ಸೊಸೆಯೋ ಮಗಳೋ, ಅತ್ತೆ ಒಳ್ಳೆಯವಳೋ ಎಂದು ತೆಲುಗಿನಲ್ಲಿ ಕೇಳಿದಳು. ಒಳ್ಳೆಯವರು ಎಂದಳು ಅಮ್ಮಾಜಮ್ಮ. ಅದು ನಿಜವೇ ಆಗಿತ್ತು. ಜ್ವರ ಬಂದಾಗ ಅತ್ತೆ ಅವಳ ಪಾದ ಒತ್ತಿದ್ದಾಳೆ. ಗಂಡ ಪಾಳಿ ಮುಗಿಸಿ, ಗಣಿಯ ಗೇಟಿನಲ್ಲಿ ಬಾಯಿಯೊಳಗೂ ಕೂದಲೊಳಗೂ ಹುಡುಕಿಸಿಕೊಂಡು ಮನೆಗೆ ಬಂದಾಗ, ಅವನ ಮುಖದಲ್ಲಿ ಉಳಿದ ಅವಮಾನ ನೋಡಿ ಮೊದಲು ನೀರು ಕೊಡು, ಆಮೇಲೆ ಮಾತಾಡು ಎಂದು ಕಲಿಸಿದವಳು ಅತ್ತೆಯೇ. ಆ ಒಳ್ಳೆಯತನವೆಲ್ಲ ಗಂಗರತ್ನಮ್ಮನಿಂದ ಕಿತ್ತು ತನಗೆ ಕೊಟ್ಟದ್ದೇನೋ. ಈ ಬುಗುಡಿಗಳನ್ನು ಅತ್ತೆಯ ಮುಂದಿಟ್ಟರೆ, ನೀನು ಅವಳಂಗಲ್ಲ ಎಂಬ ಮಾತು ಇನ್ನು ಹೇಗೆ ಕೇಳಿಸುತ್ತದೆ? ಉರಿಗಾಂ ದಾಟಿತು. ಬೂದುಬಣ್ಣದ ಮಣ್ಣಿನ ಗುಡ್ಡಗಳ ಮೇಲೆ ಬಿಸಿಲು ಇಳಿಯುತ್ತಿತ್ತು, ಗಣಿಬಾಯಿಯ ಮೇಲಿನ ಗೋಪುರದಲ್ಲಿ ಚಕ್ರ ತಿರುಗುತ್ತಿತ್ತು. ಒಡವೆ ಕೆರೆಗೆ ಎಸೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಯೋಚನೆ ಬಂತು. ಅದು ತನ್ನದೇ ಯೋಚನೆ ಎಂದು ಗುರುತು ಹತ್ತಿದಾಗ ಅವಳಿಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು. ಕಳ್ಳಿ ಎಂದರೆ ಹೀಗೇ ಇರುತ್ತಾಳೆ, ಮಡಿಕೆ ಹಿಡಿದುಕೊಂಡು, ಎದುರಿನವಳ ಕಡಲೆಕಾಯಿ ತಿನ್ನುತ್ತ.

ಮನೆಗೆ ಬಂದಾಗ ಅತ್ತೆ ಹೊಸ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಲೆಗೆ ಸುಣ್ಣ ಕೆಮ್ಮಣ್ಣು ಬಳಿದು, ಮಡಿಕೆ ಕೂರುವ ಮೂರು ಗುಬ್ಬಕ್ಕೂ ಅರಿಶಿನ ಕುಂಕುಮ ಇಟ್ಟಾಗಿತ್ತು. ಪಕ್ಕದಲ್ಲಿ ಬಾಣಲೆಯ ಕೆಂಡ ಬೂದಿ ಹೊದ್ದು ಕಾಯುತ್ತಿತ್ತು.

"ಎಷ್ಟೊತ್ತಮ್ಮಿ! ಮಡಿಕೆ ಬೇಯಿಸ್ಕೊಂಡು ಬಂದ್ಯಾ? ತತ್ತಾ ಎಲೆ. ಅವ್ನು ಬರೋದ್ರೊಳಗೆ ಬೆಂಕಿ ಇಟ್ಬುಡಾಣ."

ಅಮ್ಮಾಜಮ್ಮ ಎಲೆಯ ಕಟ್ಟನ್ನು ಅಲ್ಲಿದ್ದ ಮೊರದ ಮೇಲೆ ಇಟ್ಟಳು. ಸೊಂಟದ ಗಂಟು ಬಿಚ್ಚಿ, ಬಟ್ಟೆ ತೆಗೆದು, ಬುಗುಡಿಗಳನ್ನು ಮೊರದ ಮೇಲೆ ಎಲೆಗಳ ಪಕ್ಕ ಇಟ್ಟಳು. ಅತ್ತೆ ಮುಟ್ಟಲಿಲ್ಲ. ಕತ್ತು ಮುಂದೆ ಚಾಚಿ ನೋಡಿದಳು. ಕೈ ತಾನಾಗಿ ತನ್ನ ಬಲಗಿವಿಗೆ ಹೋಯಿತು.

"ಅವ್ನು ಕೊಟ್ನಾ?" ಎಂದಳು. ಮುಖ ಅರಳುತ್ತಿತ್ತು. "ಕದಿರಪ್ಪನಾ? ಇಷ್ಟು ವರ್ಷಕ್ಕೆ ಬುದ್ಧಿ ಬಂತಾ ಕಳ್ಳನನ್ಮಗಂಗೆ?"

ಊಂ ಎಂದುಬಿಡಬಹುದಿತ್ತು. ಅತ್ತೆಯೇ ದಾರಿ ತೆರೆದು ನಿಂತಿದ್ದಳು. ಒಡವೆ ಮನೆಗೆ ಬರುತ್ತಿತ್ತು, ಬಹುಶಃ ಇವತ್ತೇ ಇವಳ ಕಿವಿಗೆ, ಪೊರಕೆಕಡ್ಡಿ ಎಸೆದು, ಅತ್ತೆಯ ಕೈಯಿಂದಲೇ.

"ಇಲ್ಲ ಅತ್ತಮ್ಮಾ. ಒಲೆ ಒಳಗಿತ್ತು. ಕೊಡಿಒಲೆ ಇಂದೆ ಮಣ್ಣಲ್ಲಿ. ಒಡೆಯೋವಾಗ ಸಿಕ್ತು. ನಾನೇ ಯೋಳ್ಲಿಲ್ಲ. ಆಚಾರಿಗೆ ತೋರಿಸೋಕೆ ಓಗಿದ್ದೆ."

ಅತ್ತೆ ಒಂದು ಬುಗುಡಿ ಎತ್ತಿಕೊಂಡಳು. ಅಂಗೈಯಲ್ಲಿ ತೂಗಿ ನೋಡಿದಳು, ಹುಬ್ಬು ಗಂಟಾಯಿತು. "ಇಷ್ಟು ಅಗುರ ಇರ್ಲಿಲ್ವಲ್ಲ. ಇದ್ರೊಳಗೆ ಅರಗಿತ್ತು."

"ಕರಗೋಗೈತೆ."

"ಎಂಗೆ?"

"ದಿನಾ ಬೆಂಕಿ ಇತ್ತಲ್ಲ ಅತ್ತಮ್ಮಾ."

ಹೊರಗೆ ಯಾರೋ ಕೋಳಿಗಳನ್ನು ಕರೆಯುತ್ತಿದ್ದರು. ಅತ್ತೆ ಬಾಣಲೆಯನ್ನು ನೋಡಿದಳು, ಒಲೆಯನ್ನು ನೋಡಿದಳು, ಮತ್ತೆ ಬುಗುಡಿಯನ್ನು. ಅವಳಿಗೆ ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಬುಗುಡಿ ಹಾಕಿಕೊಂಡಿದ್ದ ಹೆಂಗಸು ಅವಳು, ಒಲೆ ಊದುವಾಗ ಕಿವಿ ಹಿಂದಕ್ಕೆ ಇಟ್ಟುಕೊಂಡವಳು. ತುಟಿ ಮಾತ್ರ ಅಲುಗಾಡುತ್ತಿತ್ತು, ಹಳೆಯ ಮಾತನ್ನು ಹೊಸದಾಗಿ ಹೇಳಿ ನೋಡುವ ಹಾಗೆ.

"ತಪಾಸಣೆ ಬಂದಿತ್ತು ಕಣಮ್ಮಿ ಆ ವಾರ," ಎಂದಳು. "ಮೇಲಿನ ಲೈನಲ್ಲಿ ಮಡಿಕೆ ಒಡೀತಾ ಅವ್ರೆ ಅಂದ್ರು. ನಾನೇ ಅಂದೆ ಅವ್ಳಿಗೆ. ಕಿವೀದು ಬಿಚ್ಚು, ಎಲ್ಲಾದ್ರೂ ಬಚ್ಚಿಟ್ಬುಡು, ನಂಗೂ ಯೋಳ್ಬ್ಯಾಡ, ಕೇಳಿದ್ರೆ ಬಾಯಿಬಿಟ್ಬುಟ್ಟೇನು ಅಂದೆ. ನಾನೇ ಅಂದೆ. ಅವತ್ತೇ ರಾತ್ರಿ ಜ್ವರ ಬಂತಲ್ಲ ಅವ್ಳಿಗೆ. ದೇವುಡಾ, ಅದು ಎಂಗೆ ಮರೆತೆ?"

ಅಮ್ಮಾಜಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಅಲುಗಲಿಲ್ಲ. "ಈ ಎಲೆ ಕದಿರಪ್ಪಣ್ಣ ಕೊಟ್ಟಿದ್ದು," ಎಂದಳು. "ಅರ್ಧ ಅವ್ರದು. ಯೋಳ್ಬ್ಯಾಡ ಅಂದಿದ್ರು, ಎಸೀತೀರ ಅಂತ."

ಅತ್ತೆ ಎಸೆಯಲಿಲ್ಲ. ಎಲೆಗಳನ್ನು ಒಂದೊಂದಾಗಿ ಬಿಡಿಸಿ ಹೊಸ ಒಲೆಯ ಮೇಲೆ ಜೋಡಿಸಿದಳು, ಎರಡಲ್ಲ, ಅಷ್ಟನ್ನೂ. ಅವುಗಳ ಮೇಲೆ ಬುಗುಡಿಗಳನ್ನಿಟ್ಟಳು. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು ಹಂಡೆಯ ತನಕ ಹೋಗಿ ಚೆಂಬಿನಲ್ಲಿ ನೀರು ತಂದಳು. ಏನು ಮಾಡುತ್ತಾಳೆಂದು ಅಮ್ಮಾಜಮ್ಮನಿಗೆ ತಿಳಿಯುವಷ್ಟರಲ್ಲಿ ಬಾಣಲೆಯ ಮೇಲೆ ನೀರು ಸುರಿದಿದ್ದಳು. ಬುಸ್ಸೆಂದು ಬಿಳಿ ಹಬೆ ಎದ್ದು ತಗಡಿನ ಸೂರಿಗೆ ತಾಗಿತು. ಒದ್ದೆ ಬೂದಿಯ ವಾಸನೆ ಮನೆಯೆಲ್ಲ ತುಂಬಿತು. ಕೆಂಡಗಳು ಒಂದೆರಡು ಸಲ ಚಟಪಟ ಎಂದು, ಕರಿಯಾಗಿ, ಸುಮ್ಮನಾದವು. ಇಬ್ಬರೂ ಅದನ್ನು ನೋಡುತ್ತ ಕೂತರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು, ಹಬೆಯೋ ಏನೋ.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮುನಿನಾರಾಯಣಪ್ಪ ಟಿಫನ್ ಡಬ್ಬಿ ಗೋಡೆಯ ಮೊಳೆಗೆ ಸಿಕ್ಕಿಸಿ, ದಿನದ ಅಭ್ಯಾಸದಂತೆ ಬೀಡಿ ಬಾಯಿಗಿಟ್ಟುಕೊಂಡು, ಕೆಂಡ ತೆಗೆಯಲು ಇಕ್ಕಳ ಹಿಡಿದು ಒಲೆಯ ಕಡೆ ಬಗ್ಗಿದವನು ಹಾಗೇ ನಿಂತ.

"ಇದೇನವ್ವಾ, ಬೆಂಕಿ ಆರೋಗೈತೆ?"

"ಆರಿಸ್ದೆ," ಎಂದಳು ಚಿಕ್ಕವೆಂಕಟಮ್ಮ. "ಒಲೆ ಅಚ್ಚಬ್ಯಾಡಿ ಅಂದಿದ್ಲಲ್ಲಪ್ಪಾ ಅವ್ಳು."

"ಯಾರು?"

ಅವನವ್ವ ಒಲೆಯ ಮೇಲೆ ಕಣ್ಣಿಟ್ಟಳು. ಅವನೂ ಅಲ್ಲಿ ನೋಡಿದ. ಎಲೆಗಳ ಹಸಿರಿನ ಮೇಲೆ ಆ ಎರಡು ಹಳದಿ ಹೂಗಳನ್ನು ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಅಮ್ಮಾಜಮ್ಮ ಮೊದಲು ನೀರು ಕೊಡಬೇಕೆಂಬುದನ್ನು ಮರೆತು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಇಕ್ಕಳವನ್ನು ಸದ್ದಾಗದ ಹಾಗೆ ಕೆಳಗಿಟ್ಟ. ಕೈ ಅಂಗಿಯ ಜೇಬಿಗೆ ಹೋಗಿ ಬೆಂಕಿಪೊಟ್ಟಣ ತೆಗೆಯಿತು. ಕಡ್ಡಿಯೊಂದನ್ನು ಅರ್ಧ ಎಳೆದವನು, ಮತ್ತೆ ಒಳಗೆ ತಳ್ಳಿ, ಪೊಟ್ಟಣ ಮುಚ್ಚಿ ಜೇಬಿಗೆ ಹಾಕಿಕೊಂಡ. ಗೋಡೆಗೆ ಒರಗಿ ಕೂತು, ಬಾಯಿಯಲ್ಲಿದ್ದ ಬೀಡಿಯನ್ನು ತೆಗೆದು, ಹಚ್ಚದೆ, ಕಿವಿಯ ಮೇಲೆ ಸಿಕ್ಕಿಸಿಕೊಂಡ.